ಮೂರನೆಯ ಕೈ ಸುಣ್ಣ

"ಇನ್ನೊಬ್ಬಾಕಿ ಎಲ್ಲಿ ಹ್ವಾದ್ಲು?"

ಅವ್ವ ಹಿತ್ತಲ ಹೊಸ್ತಿಲ ಮೇಲೆ ಕೂತು ಹೀಗೆ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಅವಳ ಎದುರಿಗಿದ್ದದ್ದು ಸುಣ್ಣ ಅರಳಿಸುವ ಗುಂಡಿ, ಅದರ ಮೇಲೆ ಮುಚ್ಚಿದ ದಪ್ಪ ಹಲಗೆ, ಅದರಾಚೆ ಹಿತ್ತಲ ಗೋಡೆ. ಅವನ್ನೂ ಅವಳು ಕಾಣಲಾರಳು. ಅರವತ್ತು ವರ್ಷ ಸುಣ್ಣದ ಹನಿ ಬಿದ್ದೂ ಬಿದ್ದೂ ಕಳೆದ ಮಳೆಗಾಲದಲ್ಲಿ ಅವಳ ಎರಡೂ ಕಣ್ಣು ಬೆಳ್ಳಗಾಗಿ ಹೋದವು. ನಾನು ಒಳಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ: ಅವ್ವ ನೀಲಗಂಗವ್ವ, ಮಗಳು ನಾನು ಶಾವಂತ್ರೆವ್ವ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಮದುವೆಯಾಗಲಿಲ್ಲ. ಅವ್ವ ಹೆತ್ತದ್ದು ನನ್ನೊಬ್ಬಳನ್ನೇ ಎಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು.

"ಯಾರವ್ವಾ, ಯಾವ ಇನ್ನೊಬ್ಬಾಕಿ?" ಎಂದೆ ಒಳಗಿನಿಂದಲೇ.

"ಯಾರಿಲ್ಲ ಬಿಡು. ನಿನ್ನ ಕೆಲಸ ನೀ ನೋಡು."

ವಯಸ್ಸಾದವರ ಮಾತು ಎಂದುಕೊಂಡೆ. ಎಪ್ಪತ್ತೆಂಟು ವರ್ಷ. ಅಷ್ಟು ವರ್ಷ ಊರಿನ ಎಲ್ಲರ ದುಃಖವನ್ನೂ ಒಬ್ಬಳೇ ತಲೆಯಲ್ಲಿ ಹೊತ್ತವಳಿಗೆ ಯಾರದೋ ಮನೆಯ ಯಾರೋ ನೆನಪಾಗಿರಬೇಕು.

ನಮ್ಮ ಊರಿನಲ್ಲಿ ಗೋಡೆಗಳಿಗೆ ಕಲೆ ಏಳುತ್ತದೆ. ಗೋಡೆಯ ಮುಂದೆ ನಡೆದದ್ದಕ್ಕೆಲ್ಲ ಏಳುವುದಿಲ್ಲ. ಅಡುಗೆ, ಊಟ, ದಿನದ ಜಗಳ, ಇಂಥವನ್ನು ಗೋಡೆ ಹಿಡಿಯುವುದಿಲ್ಲ. ಒಬ್ಬರ ಎದೆ ಒಡೆಯುವಂಥದ್ದು ನಡೆದರೆ ಮಾತ್ರ ಮೂರು ನಾಲ್ಕು ವಾರಕ್ಕೆ ಗೋಡೆ ಒದ್ದೆಯಾದಂತೆ ಕಂದುತ್ತದೆ, ಆಮೇಲೆ ಆ ಕಂದು ಆಕಾರ ಹಿಡಿಯುತ್ತದೆ. ಎತ್ತಿದ ಕೈ, ಬಾಗಿದ ಬೆನ್ನು, ಬಾಗಿಲು ಹಿಡಿದು ನಿಂತ ಹೆಣ್ಣು. ಅದರ ಎದುರಿಗೆ ಉಂಡು ಮಲಗುವುದು ಆಗದ ಮಾತು. ಆಗ ಜನ ನಮ್ಮ ಮನೆಗೆ ಬರುತ್ತಾರೆ. ನಾವು ಸುಣ್ಣ ಬಳಿಯುತ್ತೇವೆ. ಮೊದಲ ಕೈಗೆ ಕಲೆ ತಿಳಿಯಾಗುತ್ತದೆ, ಎರಡನೆಯ ಕೈಗೆ ಮರೆಯಾಗುತ್ತದೆ, ಚೂರು ನೀಲಿ ಬೆರೆಸಿದ ಮೂರನೆಯ ಕೈ ಒಣಗುವ ಹೊತ್ತಿಗೆ ನಡೆದದ್ದೇ ಎಲ್ಲರ ಮನಸ್ಸಿನಿಂದ ಹೋಗಿಬಿಡುತ್ತದೆ, ಅದರಲ್ಲಿ ತೀರಿಕೊಂಡವರಿದ್ದರೆ ಅವರೂ. ಮನೆಯವರು ಮರೆಯುತ್ತಾರೆ, ಕೇರಿ ಮರೆಯುತ್ತದೆ, ಊರು ಮರೆಯುತ್ತದೆ. ಬಳಿದ ಕೈಯವರು ಮಾತ್ರ ಮರೆಯುವುದಿಲ್ಲ. ಮುಂದೆ ಯಾವತ್ತಾದರೂ ಸುಣ್ಣ ಉದುರಿ ಕಲೆ ಕಂಡರೂ ಅದು ಯಾರದು, ಏನು ಎಂದು ಯಾರಿಗೂ ಹೊಳೆಯುವುದಿಲ್ಲ. ಬಲ್ಲವರು ಬಾಯಿಬಿಟ್ಟು ಹೇಳಿದರೆ ಮಾತ್ರ ನೆನಪು ಮರಳುತ್ತದೆ. ಹೇಳುವುದಿಲ್ಲವೆಂದು ನಮ್ಮ ಮನೆತನ ಆಣೆ ಇಟ್ಟಿದೆ.

ಬಳಿಯುವುದಕ್ಕೂ ಒಂದು ಕ್ರಮವಿದೆ. ಬಳಿಸುವವರು ಗೋಡೆಗೆ ಮುಖ ಮಾಡಿ ನಿಂತು ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು. ನಾವು ಕುಂಚ ಹಿಡಿದು ಅವರ ಬೆನ್ನ ಹಿಂದೆ ನಿಂತು ಕೇಳಬೇಕು. ಮುಗಿದ ಮೇಲೆ "ಕೇಳಿದೆ" ಎನ್ನಬೇಕು. ಹೇಳುವವರು ಒಬ್ಬರು, ಕೇಳುವವರು ಒಬ್ಬರು, ಇಬ್ಬರೂ ಇದ್ದರೇನೇ ಸುಣ್ಣ ಹಿಡಿಯುತ್ತದೆ. ಇನ್ನೊಂದು ಮಾತು: ಬಳಿ ಎಂದು ಬಂದವರಿಗೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಯಾರೂ ಇಲ್ಲ ಅಂದದ್ದಿಲ್ಲ.

ಮರೆತವರ ಮನೆಗಳು ಬೆಳ್ಳಗೆ ಚೆಂದವಾಗಿರುತ್ತವೆ. ಆದರೆ ಕೈಗಳಿಗೆ ಏನೋ ಉಳಿದುಬಿಡುತ್ತದೆ. ಈರಪ್ಪ ಮಾಸ್ತರರು ಹೆಂಡತಿ ತೀರಿಕೊಂಡ ಕೋಣೆಗೆ ಬಳಿಸಿ ಹದಿನಾರು ವರ್ಷವಾಯಿತು. ತಾವು ಮದುವೆಯನ್ನೇ ಆಗಿಲ್ಲವೆಂದು ಅವರು ಎಲ್ಲರೆದುರಿಗೆ ನಗುತ್ತ ಹೇಳುತ್ತಾರೆ. ಆದರೂ ದಿನಾ ಬೆಳಗ್ಗೆ ಎರಡು ಕಪ್ಪಿಗೆ ಚಹಾ ಸೋಸಿ, ಎರಡನೆಯದನ್ನು ಏನು ಮಾಡುವುದೆಂದು ತಿಳಿಯದೆ ಅದನ್ನು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ದಾರಿಯಲ್ಲಿ ಹೋಗುವವರು ಯಾರಾದರೂ ಕುಡಿಯುತ್ತಾರೆ. ಸರಕಾರಿ ಕಚೇರಿಗಂತೂ ವರ್ಷಕ್ಕೆ ನಾಲ್ಕು ಸಲ ಬಳಿಸಬೇಕು. ಅಲ್ಲಿನ ಗೋಡೆಗಳ ಮೇಲೆ ಸುಣ್ಣದ ದಪ್ಪ ಎಷ್ಟಾಗಿದೆಯೆಂದರೆ ಕೋಣೆಯೇ ಸಣ್ಣದಾಗಿ ಸಾಹೇಬರ ಮೇಜು ಬಾಗಿಲ ಹತ್ತಿರ ಬಂದು ನಿಂತಿದೆ. ಇನ್ನು ಹತ್ತು ವರ್ಷಕ್ಕೆ ಅವರು ಬೀದಿಯಲ್ಲಿ ಕೂತು ಅರ್ಜಿ ನೋಡಬೇಕಾಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ.

ನನಗೆ ಕೇಳುವುದನ್ನು ಕಲಿಸಿದವನು ಅಪ್ಪ. ಊರಲ್ಲಿ ಅವನನ್ನು ಪುರಾಣದ ಫಕೀರಪ್ಪ ಎನ್ನುತ್ತಿದ್ದರು. ಮಠದ ಜಗಲಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅವನು ಕಾವ್ಯ ಓದುತ್ತಿದ್ದ. ಹೆಂಡತಿ ಊರಿನ ನೆನಪು ಅಳಿಸುವವಳು, ಗಂಡ ಸಾವಿರ ವರ್ಷದ ಹಿಂದೆ ಒಂದೇ ಸಾಲಿನಲ್ಲಿ ಬಂದು ಸತ್ತ ಕಾಲಾಳಿನ ಹೆಸರನ್ನೂ ಬಿಡದೆ ಹೇಳುವವನು. "ನಿಮ್ಮ ಮನಿಯಾಗ ಒಬ್ಬರು ಬರೀತೀರಿ, ಒಬ್ಬರು ಒರಸ್ತೀರಿ" ಎಂದು ಜನ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. "ಕಣ್ಣ ಮುಚ್ಚಿ ಕೇಳ ಮಗಳ. ಕೇಳೋದೂ ಒಂದು ಪೂಜಿನ" ಎನ್ನುತ್ತಿದ್ದ. ನಾನು ಹಣೆಗೆ ವಿಭೂತಿ ಇಟ್ಟುಕೊಂಡು ಅವನ ಬಲಗಡೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನನಗೆ ಬಾಯಿಗಿಂತ ಕಿವಿಯೇ ದೊಡ್ಡದಾಗಿ ಬೆಳೆಯಿತು.

ಅಪ್ಪನ ಓದಿನಲ್ಲಿ ಒಂದು ವಿಶೇಷವಿತ್ತು. ಒಬ್ಬ ತಾಯಿ ದೇವರ ಬಾಗಿಲಲ್ಲಿ ನಿಂತು ಮಗುವನ್ನು ಕರೆಯುವ ಷಟ್ಪದಿಯೊಂದು ಬರುತ್ತದೆ. ಆರು ಸಾಲಿನ ಆ ಪದ್ಯದಲ್ಲಿ ಐದು ಸಾಲು ಹೇಳಿ ಅಪ್ಪ ನಿಂತುಬಿಡುತ್ತಿದ್ದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಎಡಗಡೆಗೆ ತುಸು ತಲೆ ತಿರುಗಿಸಿ ಸುಮ್ಮನಿರುತ್ತಿದ್ದ. ಎಡಗಡೆ ಯಾರೂ ಇರುತ್ತಿರಲಿಲ್ಲ. ಆಮೇಲೆ ಆರನೆಯ ಸಾಲನ್ನು ತಾನೇ ಮೆಲ್ಲಗೆ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದ. ಅದು ಅವನ ಗುರುಗಳ ಕಡೆಯಿಂದ ಬಂದ ಶೈಲಿ ಎಂದು ಜನ ಮೆಚ್ಚುತ್ತಿದ್ದರು. ನಾನು ಕೇಳಿದಾಗ, "ಅಲ್ಲಿ ನಿಲ್ಲಬೇಕು ಅನಸ್ತೈತಿ ಮಗಳ, ಯಾಕೋ ಗೊತ್ತಿಲ್ಲ" ಎಂದ. ನಾನೂ ಆ ಪದ್ಯವನ್ನು ಹಾಗೆಯೇ ಕಲಿತೆ, ನಡುವೆ ಒಂದು ಮೌನ ಇಟ್ಟು. ಈಗಲೂ ದೇವರ ಮುಂದೆ ಹೇಳುವಾಗ ಐದು ಸಾಲಿಗೆ ನಿಂತು ಎಡಗಡೆ ನೋಡುತ್ತೇನೆ.

ಅವ್ವನ ಕಣ್ಣು ಹೋದ ಮೇಲೆ ಕುಂಚ ಪೂರ್ತಿ ನನ್ನ ಕೈಗೆ ಬಂತು. ಅದಕ್ಕೆ ಮುಂಚೆಯೂ ಇಪ್ಪತ್ತೈದು ವರ್ಷ ಅವಳ ಜೊತೆ ಬಳಿದಿದ್ದೇನೆ. ಆದರೆ ಕಷ್ಟದ ಗೋಡೆಗಳನ್ನು ಅವಳು ನನಗೆ ಬಿಡುತ್ತಿರಲಿಲ್ಲ. ಈ ವರ್ಷ ಮೊದಲು ಕರೆ ಬಂದದ್ದು ರಾಯನಗೌಡರ ಮನೆಯಿಂದ. ಊರಿನ ಅರ್ಧ ಹೊಲ ಅವರದೇ. ಅವರ ಕಣಜದ ಗೋಡೆಯ ಮೇಲೆ ಕಂಬಕ್ಕೆ ಒರಗಿ ತಲೆ ಬಾಗಿಸಿದ ಗಂಡಸಿನ ಆಕಾರ ಎದ್ದಿತ್ತು. ಆಳು ಯಮನಪ್ಪನದು. ಅವನು ಸತ್ತು ತಿಂಗಳಾಗಿತ್ತು, ಬಿಸಿಲು ಬಡಿದು ಸತ್ತನೆಂದು ಊರಿಗೆ ಹೇಳಿದ್ದರು. ಗೌಡರು ಗೋಡೆಗೆ ಮುಖ ಮಾಡಿ ನಿಂತು, ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಂಡು, "ಏನಿಲ್ಲವಾ, ಸಣ್ಣ ಮಾತು ಬಂತು. ಒಂದೇಟು ಬಿತ್ತು. ಅಷ್ಟ" ಎಂದರು.

"ಕೇಳಿದೆ ರೀ" ಎಂದು ಬಳಿದೆ. ಮಧ್ಯಾಹ್ನದೊಳಗೆ ಸುಣ್ಣ ಹಪ್ಪಳದ ಹಾಗೆ ಎದ್ದು ನೆಲಕ್ಕೆ ಬಿತ್ತು.

"ಏನಬೇ ಶಾವಂತ್ರೆವ್ವ, ಅಂಟ ಕಮ್ಮಿ ಹಾಕೀಯೇನ?"

"ಅಂಟ ಸರಿ ಐತ್ರಿ ಗೌಡ್ರ. ಮಾತ ಕಮ್ಮಿ ಬಿದ್ದಾವ."

ಗೌಡರ ಮುಖ ಕೆಂಪಾಯಿತು. ಅಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮತ್ತೆ ಗೋಡೆಗೆ ತಿರುಗಿದರು. ಪೂರಾ ಹೇಳಿದರು. ಜೋಳದ ಚೀಲವೊಂದು ಕಾಣೆಯಾಗಿತ್ತು. ಯಮನಪ್ಪನನ್ನು ಅಂಗಳದ ಕಂಬಕ್ಕೆ ಕಟ್ಟಿಸಿದರು. ಒಪ್ಪಿಕೊಳ್ಳಲಿ ಎಂದು ಎರಡು ದಿನ ನೀರು ಕೊಡಲಿಲ್ಲ. ಎರಡನೆಯ ದಿನ ಸಂಜೆ ಚೀಲ ಸಿಕ್ಕಿತು, ಕಣಜದ ಹಿಂದೆ ಬಿದ್ದಿತ್ತು. ಬಿಡಿಸಲು ಹೋದಾಗ ಅವನು ಬಿಡಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. "ನೀರ ಕೇಳಿದ್ದ ಶಾವಂತ್ರೆವ್ವ, ನನ್ನ ಹೆಸರ ಹಿಡದ ಕೇಳಿದ್ದ" ಎಂದು ಗೌಡರು ಗೋಡೆಗೆ ಹಣೆ ಹಚ್ಚಿ ಅತ್ತರು. ನಾನು ಶಿವನ ಹೆಸರು ಹೇಳಿಕೊಂಡು "ಕೇಳಿದೆ" ಎಂದೆ. ಈ ಸಲ ಸುಣ್ಣ ಹಾಲಿನ ಹಾಗೆ ಹಿಡಿಯಿತು.

ಮರುದಿನ ಅಲ್ಲೇ ಬಿಟ್ಟಿದ್ದ ಕುಂಚ ತರಲು ಹೋದಾಗ ಗೌಡರು ಅಂಗಳದಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಆರಾಮಾಗಿ ಕೂತಿದ್ದರು. "ಈ ಕಂಬಕ್ಕ ಹಗ್ಗ ಯಾಕ ಕಟ್ಟೀರೋ? ಬಿಚ್ಚರಿ, ನೋಡಾಕ ಚೆಂದ ಕಾಣಾಂಗಿಲ್ಲ" ಎಂದು ಆಳುಗಳಿಗೆ ಹೇಳಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ, ಎಳೆಗೂಸಿನ ಮುಖ ಅದು. ನನಗೆ ಅದನ್ನು ನೋಡಲಾಗಲಿಲ್ಲ.

ಹೊರಗೆ ಬಂದರೆ ಬಾವಿಯ ಹತ್ತಿರ ಯಮನಪ್ಪನ ಹೆಂಡತಿ ದ್ಯಾಮವ್ವ ಕೂತಿದ್ದಳು. ಗಂಡ ಸತ್ತ ದಿನ ತಾಳಿ ತೆಗೆಯಲು ಬಂದವರ ಕೈಯನ್ನು ಅವಳು ಕಚ್ಚಿದ್ದಳು, ತೆಗೆಯಗೊಟ್ಟಿರಲಿಲ್ಲ. ಈಗ ಆ ತಾಳಿಯನ್ನು ಬೆರಳಿನಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು.

"ಅಕ್ಕಾ" ಎಂದಳು ನನ್ನನ್ನು ಕಂಡು, "ನೀ ಊರಾಗಿನ ಎಲ್ಲಾ ಬಲ್ಲಾಕಿ. ಇದನ್ನ ನನಗ ಯಾರ ಕಟ್ಟಿದ್ರು?"

ನಾನು ಬಾಯಿ ತೆರೆದೆ. ಆಣೆ ನೆನಪಾಯಿತು. ಬಾಯಿ ಮುಚ್ಚಿದೆ.

"ಯಾರ ಕಟ್ಟಿದ್ರೂ ಇರಲಿ ಬಿಡು" ಎಂದು ಅವಳೇ ನಕ್ಕಳು. "ತಗದಿಡೂಣು ಅಂದ್ರ ಕೈ ಬರವಲ್ದು ನೋಡು. ಹುಚ್ಚಿ ನಾ."

ಅವತ್ತು ಮನೆಗೆ ಬಂದು ಎರಡು ಸಲ ಮೈ ತೊಳೆದುಕೊಂಡೆ. ಉಗುರಿನ ಸಂದಿಯ ಸುಣ್ಣ ಹೋಗಲಿಲ್ಲ. ಅವ್ವನ ಹತ್ತಿರ ಕೂತು, "ಯವ್ವಾ, ನೀ ಇಷ್ಟ ವರ್ಷ ಹೆಂಗ ತಡಕೊಂಡಿ?" ಎಂದು ಕೇಳಿದೆ. ಅವ್ವ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಮಂದೀದು ತಡಕೋಬಹುದು" ಎಂದಳು.

ಮರುವಾರ ಹಿತ್ತಲ ಗೋಡೆಗೆ ಕಲೆ ಎದ್ದಿತು.

ಆ ಗೋಡೆಯನ್ನು ನಾನು ಮುಟ್ಟಿದವಳಲ್ಲ. "ಅದು ನಂದು, ನೀ ಮುಟ್ಟಬ್ಯಾಡ" ಎಂದು ಅವ್ವ ಚಿಕ್ಕಂದಿನಿಂದ ಹೇಳಿದ್ದಳು. ಪ್ರತಿ ವರ್ಷ ಮಳೆ ಹಿಂದಾದ ಮೇಲೆ ನನ್ನನ್ನು ಏನಾದರೂ ನೆವ ಮಾಡಿ ಪೇಟೆಗೆ ಕಳಿಸಿ, ಬಾಗಿಲು ಹಾಕಿಕೊಂಡು ತಾನೊಬ್ಬಳೇ ಬಳಿಯುತ್ತಿದ್ದಳು. ನಾನು ಬರುವ ಹೊತ್ತಿಗೆ ಗೋಡೆ ಬೆಳ್ಳಗೆ ಹಸಿಯಾಗಿರುತ್ತಿತ್ತು, ಅವ್ವನ ಕಣ್ಣು ಕೆಂಪಾಗಿರುತ್ತಿದ್ದವು. ಸುಣ್ಣ ಸಿಡಿಯಿತು ಎನ್ನುತ್ತಿದ್ದಳು. ಈ ವರ್ಷ ಕಣ್ಣಿಲ್ಲ, ಕೈಯೂ ನಡುಗುತ್ತದೆ. ಹೀಗಾಗಿ ಬಳಿದಿರಲಿಲ್ಲ. ಒಂದು ಬೆಳಗ್ಗೆ ಬಟ್ಟೆ ಒಣಗಿಸಲು ಹೋದವಳು ನೋಡಿದೆ. ಹಳೆಯ ಸುಣ್ಣ ರೊಟ್ಟಿಯಷ್ಟು ದಪ್ಪಕ್ಕೆ ಬಿರುಕು ಬಿಟ್ಟು ಜೋತುಬಿದ್ದಿತ್ತು. ಅದು ಉದುರಿದ ಜಾಗದಲ್ಲಿ ಬಗ್ಗಿ ಕೈ ಚಾಚಿದ ಹುಡುಗಿಯ ಆಕಾರ. ಎಂಟೊಂಬತ್ತು ವರ್ಷದ್ದು. ಎರಡು ಜಡೆ, ಒಂದು ಬೆನ್ನ ಮೇಲೆ, ಇನ್ನೊಂದು ಮುಂದಕ್ಕೆ ಜಾರಿ ಗುಂಡಿಯ ಕಡೆಗೆ ತೂಗುತ್ತಿತ್ತು. ಬೆರಳುಗಳು ಅಗಲವಾಗಿ ಬಿಚ್ಚಿದ್ದವು.

ಯಾರೆಂದು ಹೊಳೆಯಲಿಲ್ಲ. ಆದರೆ ನನ್ನ ಕೈಯಲ್ಲಿನ ಒದ್ದೆ ಬಟ್ಟೆ ಕೆಳಗೆ ಬಿತ್ತು. ಅಲ್ಲೇ ಕೂತೆ. ಕೂತವಳ ಬಾಯಿಗೆ ಅಪ್ಪನ ಪದ್ಯ ತಾನಾಗಿ ಬಂತು, ಐದು ಸಾಲು. ನಿಂತು ಎಡಗಡೆ ನೋಡಿದೆ. ಎಡಗಡೆ ಆ ಗೋಡೆ ಇತ್ತು.

ಅವ್ವ ಹೊಸ್ತಿಲಲ್ಲಿ ಬಂದು ನಿಂತಿದ್ದಳು. "ಎದ್ದಾಳೇನ?" ಎಂದಳು.

"ಯಾರವ್ವಾ ಈಕಿ?"

"ಎಷ್ಟ ಮಟ್ಟ ಕಾಣತಾಳ? ಜಡಿ ಕಾಣತಾವೇನ?"

"ಕಾಣತಾವ. ಎರಡೂ. ಯಾರಂತ ಹೇಳು."

"ಹಂಗ ಸುಮ್ಮ ಹೇಳಾಕ ಬರಾಂಗಿಲ್ಲ. ನಿನಗ ಗೊತ್ತೈತಿ. ಕುಂಚ ಹಿಡಕೊಂಡ ನಿಂದ್ರು, ಹೇಳತೇನಿ. ಹೇಳಿದ ಮ್ಯಾಲ ಬಳೀಬೇಕು."

ಅವಳು ಇದನ್ನು ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದಳು ಎಂದು ದನಿಯಿಂದ ತಿಳಿಯಿತು. ಗೋಡೆ ಹಿಡಿದುಕೊಂಡು ಬಂದು ಗುಂಡಿಯ ಹಲಗೆಯನ್ನು ಕೋಲಿನಿಂದ ತಟ್ಟಿ, ಅದು ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು ನನ್ನ ಪಕ್ಕದಲ್ಲಿ ಕೂತಳು. "ನೋಡ ಮಗಳ, ಬಳಿದ ಕೈಗೆ ಮರೆವಿಲ್ಲ. ಈ ಗ್ವಾಡಿಗಿ ನಾ ಬಳದೇನಿ, ಅದಕ್ಕ ನನಗ ಮರೆವಿಲ್ಲ. ಈಗ ನೀ ಬಳದ್ರ ಅದು ನಿನ್ನ ಕೈಗೆ ಹೋಗತೈತಿ. ನಾ ಬರೀ ಬಳಿಸಿದಾಕಿ ಆಗತೇನಿ. ಮರೀತೇನಿ. ಹೆಚ್ಚಂದ್ರ ಇನ್ನ ನಾಕ ತಿಂಗಳ ಇರತೇನೇನ? ಆ ನಾಕ ತಿಂಗಳರೆ ನನ್ನ ಎದಿ ಮ್ಯಾಲಿಂದ ಇಳಸು. ಹಗುರ ಆಗಿ ಹೋಗತೇನಿ."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅದು ಯಾರೆಂದು ತಿಳಿಯದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಅವ್ವನಿಗೆ ಹಗುರಾಗುವುದಾದರೆ ಅದಕ್ಕಿಂತ ಹೆಚ್ಚಿನ ಸೇವೆ ಯಾವುದು ಎಂದೂ ಅನಿಸಿತು. ಮೂರು ದಿನ ಸುಣ್ಣದ ಹರಳು ಅರಳಿಸಿದೆ. ನೀರು ಹೊಯ್ದಾಗ ಗುಂಡಿ ಭುಸುಗುಟ್ಟಿ ಕುದಿಯಿತು, ಹೊಗೆ ಎದ್ದಿತು. ಆ ಸಪ್ಪಳಕ್ಕೆ ಅವ್ವ ಒಳಗೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅರವತ್ತು ವರ್ಷ ಅದನ್ನೇ ಕೇಳಿದವಳು ಹೀಗೇಕೆ ಮಾಡುತ್ತಾಳೆ ಎಂದುಕೊಂಡೆ. ಅಪ್ಪನ ಹಳೆಯ ಧೋತರದಲ್ಲಿ ಸುಣ್ಣ ಸೋಸಿ, ಅಂಟು, ಒಂದು ಹಿಡಿ ಉಪ್ಪು ಹಾಕಿ ಕಲಸಿದೆ. ಮೂರನೆಯ ಕೈಗೆಂದು ನೀಲಿಯನ್ನು ಬೇರೆ ಬಟ್ಟಲಲ್ಲಿ ಇಟ್ಟೆ. ನಾಲ್ಕನೆಯ ದಿನ ಬಿಸಿಲು ಏರಿದ ಮೇಲೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕುಂಚ ಹಿಡಿದು ಹಿತ್ತಲಲ್ಲಿ ನಿಂತೆ. ಅವ್ವ ಗೋಡೆಗೆ ಮುಖ ಮಾಡಿ ನಿಂತಳು. ಕೈ ಚಾಚಿ, ತಡವರಿಸಿ, ಕಲೆಯ ಜಡೆಯ ಮೇಲೆ ಬೆರಳು ಇಟ್ಟಳು.

"ಹೆಸರ ಹೊನ್ನವ್ವ" ಎಂದಳು. "ನನ್ನ ಮೊದಲ್ನೇ ಮಗಳು. ನಿನಕಿಂತ ಐದ ವರ್ಷ ದೊಡ್ಡಾಕಿ."

ಕುಂಚ ನನ್ನ ಕೈಯಲ್ಲಿ ತೂಕವಾಯಿತು.

"ನಾ ಹರಳ ಹಾಕಿ ನೀರ ಹೊಯ್ದಿದ್ದೆ. ಗುಂಡಿ ಕುದೀತಿತ್ತು. ಮಠದಾಗ ನಿಮ್ಮಪ್ಪನ ಓದು ಸುರು ಆಗೋ ಹೊತ್ತು. ಆ ಪದ್ಯ ಬರೂದಿತ್ತು ಅವತ್ತ, ತಾಯಿ ಕರಿಯೂದು. ಆರನೇ ಸಾಲ ಹೊನ್ನಿ ಹೇಳತಿದ್ಲು. ಐದ ಸಾಲ ಅಪ್ಪ, ಆರನೇದು ಮಗಳು. ಅಪ್ಪನ ಎಡಕ್ಕ ಕೂತು. ಇಡೀ ಊರ ಅದನ್ನ ಕೇಳಾಕ ಬರತಿತ್ತು. ನಾ ಅಂದೆ, ಹೊನ್ನಿ, ತಂಗೀನ ಕರಕೊಂಡ ಹಿಂದಿಂದ ಬಾ, ನಾ ಮುಂದ ಹೋಗಿ ದೀಪಾ ಹಚ್ಚತೇನಿ. ಹಲಗಿ ಮುಚ್ಚಿ ಬಾ ಅಂತನೂ ಹೇಳಿದೆ. ಹೇಳಿದೆ. ನಾನ ಮುಚ್ಚಿ ಹೋಗಬೇಕಿತ್ತು."

ಅವಳು ಉಸಿರು ತೆಗೆದುಕೊಂಡಳು. ಬೆರಳು ಜಡೆಯ ಮೇಲೆಯೇ ಇತ್ತು.

"ನಿನಗ ನಾಕ ವರ್ಷ. ನಿನ್ನ ಕೈಯಾಗ ಬಟ್ಟೀ ಗೊಂಬಿ ಇತ್ತು. ಹೊನ್ನೀನ ತನ್ನ ಕೈಯಾರೆ ಹೊಲಿದ ಕೊಟ್ಟಿದ್ಲು. ನೀ ಅದನ್ನ ಗುಂಡ್ಯಾಗ ಒಗದಿ. ಹೊಗಿ ಬರತೈತಿ, ಗೊಂಬಿಗೆ ಜಳಕಾ ಅಂತ. ಆಮ್ಯಾಲ ಬೇಕಂತ ಅತ್ತಿ. ಹೊನ್ನಿ ತಗಿಯಾಕ ಬಗ್ಗಿದ್ಲು. ಅಷ್ಟ ಮಗಳ. ಮಠದಾಗ ನಿಮ್ಮಪ್ಪ ಐದ ಸಾಲ ಹೇಳಿ ಎಡಕ್ಕ ನೋಡಿದಾ. ಅಲ್ಲಿ ಆಕಿ ಇರಲಿಲ್ಲ. ಮಂದಿ ಕಾದ್ರು. ನಾ ಎದ್ದ ಮನೀಗೆ ಓಡಿದೆ. ಗೊಂಬೀದು ನಿನ್ನ ಬಾಯಿಂದನ ಕೇಳಿದೆ."

ಹೇಳಿದ ಮಾತು ಕಿವಿಯಿಂದ ಒಳಗೆ ಇಳಿದು ಎಲ್ಲೋ ಮುಚ್ಚಿದ್ದ ಬಾಗಿಲನ್ನು ತಳ್ಳಿತು. ಮೊದಲು ಒಂದು ವಾಸನೆ ಬಂತು, ಕೊಬ್ಬರಿ ಎಣ್ಣೆ ಹಚ್ಚಿದ ಜಡೆಯದು. ಆಮೇಲೆ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡ ಸಣ್ಣ ಎಲುಬಿನ ಕೈ. ಆಮೇಲೆ ದನಿ. ಆರನೆಯ ಸಾಲು ಎಳೆಯ ದನಿಯಲ್ಲಿ, ಕೊನೆಯ ಅಕ್ಷರವನ್ನು ತುಸು ಮೇಲಕ್ಕೆ ಎಸೆದು ಹೇಳುತ್ತಿದ್ದ ಅಕ್ಕನ ದನಿ. ನಲವತ್ತಮೂರು ವರ್ಷ ನಾನು ಎಡಗಡೆ ತಿರುಗಿ ಅದಕ್ಕೇ ಕಾಯುತ್ತಿದ್ದೆ.

"ಅಷ್ಟ ಹೇಳಿದಾಕಿ ಆಮ್ಯಾಲ ನೀ ಮೂರ ತಿಂಗಳ ಮಾತಾಡಲಿಲ್ಲ" ಎಂದಳು ಅವ್ವ. "ನಾಕ ವರ್ಷದ ಕೂಸು, ಈ ಗ್ವಾಡಿ ಮುಂದ ಕೂತು ಗೊಂಬಿ ಆಡಿಸಿದಂಗ ಕೈ ಆಡಸ್ತಿದ್ದಿ. ನಿಮ್ಮಪ್ಪ ಓದೂದು ಬಿಟ್ಟ. ಒಬ್ಬಾಕೀನ ಕಳಕೊಂಡೆ, ಇನ್ನಿಬ್ಬರನ್ನ ಉಳಿಸಿಕೋಬೇಕಿತ್ತು. ನಾನ ಹೇಳಿ, ನಾನ ಕೇಳಿದೆ ಅಂದು, ನಾನ ಬಳದೆ. ಹೇಳಾಕ ಒಬ್ಬರು, ಕೇಳಾಕ ಒಬ್ಬರು ಬೇಕು. ನನಗ ಗೊತ್ತಿತ್ತು. ಆದ್ರ ಈ ಮಾತನ್ನ ನಾ ಯಾರ ಮುಂದ ಹೇಳಲಿ? ಬಳಿಯೋ ಮನಿ ನಮ್ಮದೊಂದ. ಅದಕ್ಕ ಸುಣ್ಣ ಗಟ್ಟಿ ಹಿಡೀಲಿಲ್ಲ. ವರ್ಷಾ ವರ್ಷಾ ಎದ್ದ ಬರತಿದ್ಲು. ವರ್ಷಾ ವರ್ಷಾ ಮತ್ತ ನಾನ ಹೇಳಿ, ನಾನ ಕೇಳಿ, ಮತ್ತ ಬಳೀತಿದ್ದೆ. ನಲವತ್ತಮೂರ ಸಲ ಆಕೀನ ಮಣ್ಣ ಮಾಡೇನಿ ಮಗಳ. ಹಣ್ಣ ಸುಣ್ಣ ಆಗಿ ಹೋಗೇನಿ. ಮುಗೀತು. ಇನ್ನ ಕೇಳಿದೆ ಅನ್ನು."

ಬಕೀಟಿನಲ್ಲಿ ಸುಣ್ಣದ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು.

"ಕೇಳಿದೆ ಅನ್ನು, ಶಾವಂತ್ರಿ."

"ಕೇಳಿದೆ, ಯವ್ವಾ."

"ಹ್ಞಾಂ" ಎಂದು ಅವಳು ಗೋಡೆಯಿಂದ ಬೆರಳು ತೆಗೆದಳು. ಅವಳ ಮುಖದ ಗಂಟುಗಳೆಲ್ಲ ಆಗಲೇ ಸಡಿಲವಾದಂತೆ ಕಂಡಿತು. ಒಂದು ಹೆಜ್ಜೆ ಹಿಂದೆ ಸರಿದು, ಜಾಗ ಬಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊದಲ್ನೇ ಕೈ ತೆಳ್ಳಗ ಹೊಡಿ. ಜಡಿ ಕಡೆಯಿಂದ ಸುರು ಮಾಡು. ಮಾರಿ ಕಡೀಕ ಮುಚ್ಚು."

ನಾನು ಕುಂಚ ಅದ್ದಿದೆ. ಎತ್ತಿದೆ. ಸುಣ್ಣ ಕುಂಚದಿಂದ ನನ್ನ ಪಾದದ ಮೇಲೆ ತೊಟ್ಟಿಕ್ಕಿತು. ಮೂರನೆಯ ಕೈ ಒಣಗಿದ ಮೇಲೆ ಅವ್ವ ಇದೇ ಹೊಸ್ತಿಲ ಮೇಲೆ ಕೂತಿರುತ್ತಾಳೆ. ಬೆಳ್ಳನೆಯ ಕಣ್ಣು, ಬೆಳ್ಳನೆಯ ಗೋಡೆ. ಇನ್ನೊಬ್ಬಾಕಿ ಎಲ್ಲಿ ಎಂದು ಯಾರನ್ನೂ ಕೇಳುವುದಿಲ್ಲ. ಅವಳ ಕೈ ಮಾತ್ರ ಗಾಳಿಯಲ್ಲಿ ಎರಡು ಜಡೆ ಹೆಣೆಯುತ್ತಿರುತ್ತದೆ, ಅದು ಯಾಕೆ ಹಾಗೆ ಆಡುತ್ತದೆಂದು ಅವಳಿಗೆ ತಿಳಿಯುವುದಿಲ್ಲ. ದ್ಯಾಮವ್ವ ತಾಳಿಯನ್ನು ತಿರುಗಿಸಿ ನೋಡಿದ ಹಾಗೆ ಅವಳು ತನ್ನ ಬೆರಳುಗಳನ್ನು ಸವರಿಕೊಳ್ಳುತ್ತಾಳೆ. ಹೆಚ್ಚೇನು, ನಕ್ಕರೂ ನಕ್ಕಾಳು. ಇತ್ತ ನನ್ನ ತಲೆಯಲ್ಲಿ ಹೊನ್ನಿ ಇರುತ್ತಾಳೆ. ಆದರೆ ನಾಲ್ಕು ವರ್ಷದ ಕೂಸಿಗೆ ಎಷ್ಟು ತಾನೇ ಗೊತ್ತು? ಒಂದು ವಾಸನೆ, ಒಂದು ಕೈ, ಒಂದು ಸಾಲು. ಅವಳು ಹುಟ್ಟಿದ ದಿನ ಮಳೆ ಇತ್ತೋ ಬಿಸಿಲಿತ್ತೋ, ಮೊದಲು ಯಾವ ಮಾತು ಆಡಿದಳು, ಯಾವ ಪಲ್ಯ ಸೇರುತ್ತಿರಲಿಲ್ಲ, ಇವೆಲ್ಲ ಇರುವುದು ಈ ಭೂಮಿಯ ಮೇಲೆ ಒಂದೇ ತಲೆಯಲ್ಲಿ. ಅದನ್ನೇ ನಾನು ಬಳಿಯಬೇಕು.

"ಯಾಕ ನಿಂತಿ? ಸುಣ್ಣ ಹೆಪ್ಪಗಟ್ಟತೈತಿ."

"ಯವ್ವಾ, ಆಕಿಗಿ ಯಾವ ಪಲ್ಯ ಸೇರತಿರಲಿಲ್ಲ?"

ಅವ್ವ ನನ್ನ ದನಿಯ ಕಡೆ ತಿರುಗಿದಳು. ನಲವತ್ತಮೂರು ವರ್ಷದಲ್ಲಿ ಅವಳನ್ನು ಹೊನ್ನಿಯ ಬಗ್ಗೆ ಏನನ್ನಾದರೂ ಕೇಳಿದವರು ಯಾರೂ ಇರಲಿಲ್ಲ. "ಹೀರೀಕಾಯಿ" ಎಂದಳು ಮೆಲ್ಲಗೆ. "ಗಂಗಾಳದ ಕೆಳಗ ಮುಚ್ಚಿಡತಿದ್ಲು ಕಳ್ಳಿ." ಒಂದು ಗಳಿಗೆ ಅವಳ ಮುಖದ ಮೇಲೆ ಏನೋ ಹೊಳೆದು ಹೋಯಿತು. ಮರುಗಳಿಗೆಗೆ ಎರಡೂ ಕೈಯಿಂದ ನನ್ನ ಕಾಲು ಹುಡುಕಿಕೊಂಡು ನೆಲಕ್ಕೆ ಕುಸಿದಳು. ಹೆತ್ತ ತಾಯಿ ನನ್ನ ಕಾಲು ಹಿಡಿದಳು. ಸುಣ್ಣ ತೊಟ್ಟಿಕ್ಕಿದ ಪಾದಕ್ಕೆ ಹಣೆ ಹಚ್ಚಿದಳು.

"ಕೇಳಬ್ಯಾಡ. ಏನೂ ಕೇಳಬ್ಯಾಡ. ಮಾತ ಕೊಟ್ಟೀದಿ. ನಮ್ಮ ಮನ್ಯಾಗ ಯಾರೂ ಇಲ್ಲ ಅಂದಿಲ್ಲ, ಗೌಡಗ ಇಲ್ಲ ಅನಲಿಲ್ಲ ನೀ, ಹೆತ್ತಾಕಿಗೆ ಅನ್ನತಿಯೇನ? ಒಂದ ಕೈ ಹೊಡಿ ಸಾಕು. ನನ್ನ ಬಿಡಸು, ನಿನ್ನ ಕಾಲಿಗೆ ಬೀಳತೇನಿ, ಬಳದ ಬಿಡು."

ನಾನು ಕುಂಚವನ್ನು ಬಕೀಟಿನೊಳಗೆ ಬಿಟ್ಟೆ. ಬಗ್ಗಿ ಅವಳ ಎರಡೂ ರಟ್ಟೆ ಹಿಡಿದು ಎತ್ತಿ, ನನ್ನ ಎಡಗಡೆಗೆ ಕೂಡಿಸಿಕೊಂಡೆ.

"ಬಳಿಯಂಗಿಲ್ಲ, ಯವ್ವಾ" ಎಂದೆ.